ಯಾರೂ ಹೇಳದೆ ಬಂದ ಝಳ

ದೀಪಾವಳಿ ಕಳೆಯುತ್ತಿದ್ದಂತೆ ಬೆಳಗಾವಿ ಜಿಲ್ಲೆಯ ಬೇಡಕಿಹಾಳದ ಸುತ್ತಿನ ರಸ್ತೆಗಳು ಕಬ್ಬಿನ ಟ್ರ್ಯಾಕ್ಟರುಗಳ ಪಾಲಾಗುತ್ತವೆ. ಊರ ಬಳಿಯೇ ವೆಂಕಟೇಶ್ವರ ಕಾರ್ಖಾನೆ, ಆಚೆಗೆ ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಇನ್ನೂ ಮುಂದೆ ಹೋದರೆ ಕಾಗವಾಡ ಬದಿಯ ಉಗಾರ. ಹಂಗಾಮು ಮುಗಿಯುವ ತನಕ ಗಂಡಸರಿಗೆ ಬೇರೆ ಮಾತಿಲ್ಲ. ಕಡಿಯುವ ಟೋಳಿ ಬಂತೇ, ಕಬ್ಬು ಎಂದು ಹೋದೀತು, ತೂಕ ಎಷ್ಟು ಬಂತು, ಬಿಲ್ಲು ಯಾವಾಗ. ಅದೇ ಹೊತ್ತಿಗೆ ಮನೆಯೊಳಗೆ ನಲವತ್ತಾರೋ ನಲವತ್ತೆಂಟೋ ದಾಟಿದ ಹೆಂಗಸೊಬ್ಬಳು ರಾತ್ರಿ ಮೂರಕ್ಕೆ ಕೌದಿ ಸರಿಸಿ ಎದ್ದು ಕೂತಿರುತ್ತಾಳೆ. ಹೊರಗೆ ಡಿಸೆಂಬರಿನ ಚಳಿ, ಅವಳ ಕುಪ್ಪಸ ಮಾತ್ರ ಬೆವರಿಗೆ ತೊಯ್ದಿದೆ.

"ಎದಿ ಢವಢವ ಅಂತೈತಿ, ಮೈಯೆಲ್ಲಾ ಝಳ ಹೊಡೀತೈತಿ. ಮೂರಕ್ಕ ಎಚ್ಚರ ಆದ್ರ ಮತ್ತ ಕಣ್ಣಿಗೆ ಕಣ್ಣ ಹತ್ತೂದಿಲ್ಲ. ಸುಮ್ಮಸುಮ್ಮಕ ಅಳು ಬರತೈತಿ" ಎಂಬ ಮಾತು ಈ ಸೀಮೆಯ ಯಾವ ಕಟ್ಟೆಯ ಮೇಲೆ ಹೆಂಗಸರು ಕೂಡಿದರೂ ಹೊರಬರುತ್ತದೆ. ಆದರೆ ಕಟ್ಟೆಯ ಮೇಲೆ ಮಾತ್ರ. ಅದೇ ಮಾತು ಮನೆಯೊಳಗೆ ಬಂದರೆ "ಈಕಿಗೆ ಈಚೀಚಿಗೆ ಸಿಟ್ಟು ಬಾಳ" ಎಂದಾಗುತ್ತದೆ. ದವಾಖಾನೆಗೆ ಹೋದರೆ "ಅಶಕ್ತಿ" ಎಂದಾಗುತ್ತದೆ. ಅಶಕ್ತಿಗೆ ಒಂದು ಸಲಾಯಿನ್ ಬಾಟಲಿ, ಒಂದು ಇಂಜೆಕ್ಷನ್, ಹದಿನೈದು ದಿನದ ತಾಕತ್ತಿನ ಗುಳಿಗೆ. ಮುಟ್ಟು ನಿಂತು ಎಷ್ಟು ದಿನವಾಯಿತು, ನಿದ್ದೆ ಹೇಗಿದೆ, ಮನಸ್ಸು ಹೇಗಿದೆ ಎಂದು ಕೇಳುವಷ್ಟು ಪುರುಸೊತ್ತು ಆ ದವಾಖಾನೆಗೆ ಇರುವುದಿಲ್ಲ. ಅವಳೂ ತಾನಾಗಿ ಹೇಳುವುದಿಲ್ಲ.

ಹನ್ನೆರಡು ತಿಂಗಳು ಸತತ ಮುಟ್ಟು ಬರದಿದ್ದರೆ ಅದು ನಿಂತಿತೆಂದು ವೈದ್ಯಶಾಸ್ತ್ರ ಲೆಕ್ಕ ಹಿಡಿಯುತ್ತದೆ. ಪಶ್ಚಿಮದ ದೇಶಗಳಲ್ಲಿ ಇದು ಸರಾಸರಿ 51ರ ವಯಸ್ಸಿಗೆ, ನಮ್ಮಲ್ಲಿ 46-47ಕ್ಕೇ. ಆದರೆ ತೊಂದರೆ ಆ ದಿನಕ್ಕೆ ಕಾಯುವುದಿಲ್ಲ. ಅದಕ್ಕೂ ಮೂರು ನಾಲ್ಕು ವರ್ಷ ಮೊದಲೇ ಅಂಡಾಶಯದ ಈಸ್ಟ್ರೊಜೆನ್ ಒಮ್ಮೆ ಏರಿ ಒಮ್ಮೆ ಕುಸಿಯತೊಡಗುತ್ತದೆ. ಈ ರಸಕ್ಕೆ ಬಸಿರು ಬಾಣಂತನವೊಂದೇ ಕೆಲಸವಲ್ಲ. ಮಿದುಳಿನಲ್ಲಿ ನಿದ್ದೆ, ಮೈಶಾಖ, ಮನಸ್ಸಿನ ಸಮತೋಲ ನೋಡಿಕೊಳ್ಳುವ ಭಾಗಗಳೂ ಅದನ್ನೇ ನೆಚ್ಚಿಕೊಂಡಿವೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಹಲವು ದೇಶಗಳ ಒಂಬತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಅಧ್ಯಯನಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಮುಟ್ಟು ಏರುಪೇರಾಗುವ ಈ ಸಂಧಿಕಾಲದಲ್ಲಿ ಖಿನ್ನತೆಯ ಲಕ್ಷಣಗಳ ಸಾಧ್ಯತೆ ಶೇ 40ರಷ್ಟು ಹೆಚ್ಚು. ಪೂರ್ತಿ ನಿಂತ ಮೇಲೆ ಆ ಹೆಚ್ಚಳ ಬಹುಮಟ್ಟಿಗೆ ಇಳಿಯುತ್ತದೆ ಎಂಬುದೂ ಅದೇ ಅಧ್ಯಯನದಲ್ಲಿದೆ. ನಮ್ಮ ಹೆಂಗಸರ ಕಿವಿಗೆ ಮೊದಲು ಬೀಳಬೇಕಾದದ್ದು ಈ ಎರಡನೆಯ ಮಾತು. ಇದು ಹುಚ್ಚಲ್ಲ, ಇನ್ನು ಸಾಯುವ ತನಕ ಹೀಗೇ ಎಂದೂ ಅಲ್ಲ.

ಹಾಗಾದರೆ ಮುಟ್ಟು ನಿಂತು ಐದಾರು ವರ್ಷವಾದವರೂ ಯಾಕೆ ಮಂಕಾಗಿ ಕೂರುತ್ತಾರೆ? ಒಂದು ಕಾರಣ ಮೈಯದೇ. ಅಮೆರಿಕದಲ್ಲಿ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿದ 'ಸ್ವಾನ್' ಅಧ್ಯಯನದಲ್ಲಿ ಝಳದ ಕಾಟ ಸುಮಾರು ಏಳೂವರೆ ವರ್ಷ ಇರುತ್ತದೆಂದು ಕಂಡುಬಂತು. ಏಳು ವರ್ಷ ನಿದ್ದೆ ಕೆಟ್ಟರೆ ಯಾರ ಮನಸ್ಸು ನೆಟ್ಟಗಿದ್ದೀತು? ಇನ್ನೊಂದು ಕಾರಣ, ಆ ವಯಸ್ಸಿಗೇ ಕಟ್ಟಿಟ್ಟಂತೆ ಬಂದು ಬೀಳುವ ಹೊರೆ. ಹಾಸಿಗೆ ಹಿಡಿದ ಅತ್ತೆ, ಬಾಣಂತನಕ್ಕೆ ಬಂದ ಮಗಳು, ಇಚಲಕರಂಜಿಯಲ್ಲೋ ಕೊಲ್ಹಾಪುರದಲ್ಲೋ ಕೆಲಸ ಹುಡುಕುವ ಮಗ. ಎರಡು ಎಮ್ಮೆ, ಡೇರಿಗೆ ಹಾಲು. ಸಂಘದ ವಾರದ ಕಂತು ಬೇರೆ. ಸಾಲ ಬೇಕಿದ್ದದ್ದು ಗಂಡನ ಬೋರ್‌ವೆಲ್ಲಿಗೋ ಮಗನ ಬೈಕಿಗೋ ಇರಬಹುದು, ಸಹಿ ಮಾತ್ರ ಅವಳದು. ಕಂತು ತಪ್ಪಿದರೆ ಬಾಗಿಲಲ್ಲಿ ನಿಲ್ಲುವವರಿಗೆ ಉತ್ತರ ಕೊಡಬೇಕಾದವಳೂ ಅವಳೇ. ಈ ವಸೂಲಿಯ ದಬ್ಬಾಳಿಕೆ ತಾಳಲಾರದ ಮಟ್ಟಕ್ಕೆ ಮುಟ್ಟಿದ್ದಕ್ಕೇ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದದ್ದು. ಜೊತೆಗೆ ನದಿ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಏರಿ ಬಂದಾಗ ಶಾಲೆಯ ಕೋಣೆಗಳ ಕಾಳಜಿ ಕೇಂದ್ರಗಳಲ್ಲಿ ಜನ ದಿನ ಕಳೆದರು. ಇಂದಿಗೂ ಜೋರು ಮಳೆ ಹಿಡಿದರೆ ನದಿದಂಡೆಯ ಊರಿನ ಹೆಂಗಸು ಮೊದಲು ನೋಡುವುದು ಕಾಳಿನ ಚೀಲ ಎಲ್ಲಿ ಏರಿಸಿಡಬಹುದು ಎಂದು.

ಮುಟ್ಟು ನಿಂತದ್ದನ್ನು ಎಲ್ಲರೂ ದುಃಖವೆಂದು ಕಾಣುವುದಿಲ್ಲ. "ಬಿಡುಗಡಿ ಆತು ನೋಡ್ರಿ" ಎಂದು ನಗುವವರು ಬಹಳ ಮಂದಿ, ಆ ನಗು ಸುಳ್ಳಲ್ಲ. ಕಡಿಗಿ ಆದಾಗ ದೇವರ ಕೋಣೆಗೆ ಹೋಗುವಂತಿಲ್ಲ, ಉಪ್ಪಿನಕಾಯಿ ಭರಣಿ ಮುಟ್ಟುವಂತಿಲ್ಲ ಎಂಬ ಮನೆಗಳು ಈ ಭಾಗದಲ್ಲಿ ಈಗಲೂ ಇವೆ. ಲಿಂಗಾಯತರ ಮನೆಯ ಕಾರ್ಯವಿರಲಿ, ಜೈನರ ಪರ್ವದ ಪೂಜೆಯಿರಲಿ, ಯಲ್ಲಮ್ಮನ ಗುಡ್ಡದ ಹುಣ್ಣಿಮೆಯಿರಲಿ, ಪಂಢರಪುರದ ವಾರಿಯಿರಲಿ, ತಾರೀಖು ಅಡ್ಡ ಬಂದೀತೆಂಬ ಅಂಜಿಕೆ. ಅದಕ್ಕೆಂದೇ ಔಷಧ ಅಂಗಡಿಯಿಂದ ಚೀಟಿಯಿಲ್ಲದೆ ಮುಂದೂಡುವ ಗುಳಿಗೆ ತಂದು ನುಂಗಿದ ವರ್ಷಗಳು ಎಷ್ಟೋ. 1975ರಲ್ಲಿ ಮಾರ್ಶಾ ಫ್ಲಿಂಟ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ ರಾಜಸ್ಥಾನ, ಹಿಮಾಚಲ ಪ್ರದೇಶಗಳ ನಾನೂರಕ್ಕೂ ಹೆಚ್ಚು ರಜಪೂತ ಹೆಂಗಸರನ್ನು ಮಾತಾಡಿಸಿ ಬರೆದರು. ಮುಟ್ಟು ನಿಂತ ಮೇಲೆ ಪರದೆ ಸರಿಸಿ ಗಂಡಸರ ನಡುವೆ ಕೂತು ಮಾತಾಡುವ ಅಧಿಕಾರ ಸಿಗುವುದರಿಂದ ಆ ಹೆಂಗಸರಿಗೆ ತೊಂದರೆಗಳೇ ಕಡಿಮೆ ಎಂಬುದು ಅವರ ವಾದ. ಮುಂದೆ ಬೇರೆಯವರು ಭಾರತದಲ್ಲಿ ನಡೆಸಿದ ಅಧ್ಯಯನಗಳು ಝಳ, ನಿದ್ದೆಗೇಡು, ಕೈಕಾಲು ಸೆಳೆತ ನಮ್ಮಲ್ಲೂ ಸಾಕಷ್ಟಿವೆ ಎಂದು ತೋರಿಸಿದವು. ಆದರೂ ಫ್ಲಿಂಟ್ ಮಾತಿನ ಒಂದು ತುದಿ ನನಗೆ ಈ ಸೀಮೆಯಲ್ಲಿ ನಿಜ ಅನಿಸುತ್ತದೆ. ಮನೆಯ ಬೀಗದ ಕೈ ಯಾರ ಸೆರಗಿನಲ್ಲಿದೆಯೋ, ಮಾತಿಗೆ ಯಾರು ತೂಕ ಕೊಡುತ್ತಾರೋ, ಆ ಹೆಂಗಸು ಇದೇ ಝಳವನ್ನು ಸುಲಭವಾಗಿ ದಾಟುತ್ತಾಳೆ. ಗಂಡ ತೀರಿದವಳು, ಸೊಸೆ ಬಂದ ಮೇಲೆ ಮೂಲೆಗೆ ಸರಿದವಳು, ಪರರ ಹೊಲದ ಕೂಲಿಯವಳು ದಾಟಲಾರದೆ ತೊಳಲುತ್ತಾಳೆ.

ಈಗ ನಾನು ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಮುಟ್ಟು ನಿಂತವರೆಲ್ಲ ವಯಸ್ಸಿಗೆ ನಿಂತವರಲ್ಲ. ಗರ್ಭಕೋಶಕ್ಕೆ ಇಲ್ಲಿ ಚೀಲ ಎನ್ನುತ್ತಾರೆ. "ಚೀಲ ತೆಗಿಸ್ಯಾರ್ರಿ" ಎಂಬ ಮಾತು ಎಷ್ಟು ಸಲೀಸಾಗಿ ಬರುತ್ತದೆಂದರೆ ಹಲ್ಲು ಕೀಳಿಸಿದ್ದನ್ನು ಹೇಳಿದಂತೆ. ಎಷ್ಟನೇ ವಯಸ್ಸಿಗೆ ಎಂದು ಕೇಳಿದರೆ ಮೂವತ್ತೆರಡು, ಮೂವತ್ತೈದು. ಯಾಕೆಂದರೆ ಬಿಳಿ ಹೋಗುತ್ತಿತ್ತು, ರಕ್ತ ಬಹಳ ಹೋಗುತ್ತಿತ್ತು, ಕಿಬ್ಬೊಟ್ಟೆ ನೋಯುತ್ತಿತ್ತು. "ಮಕ್ಕಳ ಆಪರೇಷನ್ ಆಗೇತಿ, ಇನ್ನ ಚೀಲ ಇಟ್ಟಕೊಂಡು ಏನ ಮಾಡ್ತಿ? ನಾಳೆ ಕ್ಯಾನ್ಸರ್ ಆದ್ರ?" ಎಂದು ಯಾರೋ ಅಂದರು. ಕ್ಯಾನ್ಸರ್ ಎಂಬ ಒಂದು ಶಬ್ದ ಸಾಕಾಯಿತು. ಬಿಳಿ ಹೋಗುವುದಕ್ಕೆ ಬಹಳಷ್ಟು ಸಲ ಗುಳಿಗೆಯೇ ಸಾಕು, ರಕ್ತ ಹೆಚ್ಚು ಹೋಗುವುದಕ್ಕೂ ಗುಳಿಗೆಯಿಂದ ಹಿಡಿದು ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನದವರೆಗೆ ದಾರಿಗಳಿವೆ ಎಂಬುದು ಅವರ ಕಿವಿಗೇ ಬಿದ್ದಿರಲಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 3.3ರಷ್ಟು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಈ ಸರಾಸರಿಯ ಹಿಂದೆ ಕೆಲವು ಸೀಮೆಗಳ ಕಥೆ ಬೇರೆಯೇ ಇದೆ. ನಮ್ಮ ಕಬ್ಬು ಕಡಿಯಲು ಗಡಿಯಾಚೆ ಮರಾಠವಾಡದ ಬೀಡ್ ಜಿಲ್ಲೆಯಿಂದ ಗ್ಯಾಂಗುಗಳು ಬರುತ್ತವೆ. ಹೊಲದ ಬದುವಿನಲ್ಲಿ ಕೊಪ್ಪಿ ಗುಡಿಸಲು ಹಾಕಿಕೊಂಡು, ನಸುಕಿನಲ್ಲೇ ಕೊಯ್ತಾ ಹಿಡಿದು ಇಳಿಯುವವರು. ಗಂಡ ಹೆಂಡತಿ ಇಬ್ಬರೂ ಸೇರಿ ಒಂದು 'ಕೊಯ್ತಾ', ಮುಂಗಡ ಕೊಡುವುದೂ ಜೋಡಿಗೇ. ಒಬ್ಬರು ಒಂದು ದಿನ ಕೆಲಸ ತಪ್ಪಿಸಿದರೆ 'ಖಾಡಾ' ಎಂದು ದಂಡ. ಕಬ್ಬಿನ ಫಡದಲ್ಲಿ ನೀರಿಲ್ಲ, ಕಕ್ಕಸಿಲ್ಲ, ಮುಟ್ಟಿನ ಬಟ್ಟೆ ಒಗೆಯಲು ಮರೆಯಿಲ್ಲ. ಮೋಳಿಗೆ ಹೊತ್ತು ಟ್ರ್ಯಾಕ್ಟರಿಗೆ ಏರಿಸುವ ಮೈಗೆ ಸೋಂಕು ತಾಗಿದರೆ ಆಶ್ಚರ್ಯವೇನು? 2019ರಲ್ಲಿ ಈ ಹೆಂಗಸರ ಗರ್ಭಕೋಶ ತೆಗೆಸುವ ವಿಷಯ ಪತ್ರಿಕೆಗಳಲ್ಲಿ ಸ್ಫೋಟಗೊಂಡ ಮೇಲೆ ಮಹಾರಾಷ್ಟ್ರ ಸರ್ಕಾರ ನೀಲಂ ಗೋರ್ಹೆ ನೇತೃತ್ವದ ಸಮಿತಿ ನೇಮಿಸಿತು. ಬೀಡ್‌ನಲ್ಲಿ ವಿಚಾರಿಸಿದ 82,309 ಕಬ್ಬು ಕಡಿಯುವ ಹೆಂಗಸರಲ್ಲಿ 13,861 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಆರು ಮಂದಿಗೆ ಒಬ್ಬಳು. ನಮ್ಮ ಸಕ್ಕರೆಯಲ್ಲಿ ಅವರ ಬೆವರೂ ಇದೆ, ಆ ಲೆಕ್ಕವನ್ನು ಬರೀ ಮಹಾರಾಷ್ಟ್ರದ್ದೆಂದು ಬಿಟ್ಟುಬಿಡಲು ನನಗೆ ಮನಸ್ಸು ಬರುವುದಿಲ್ಲ. ಕರ್ನಾಟಕವೂ ಇದರಿಂದ ಹೊರತಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರು ಇದೇ ಅನ್ಯಾಯಕ್ಕಾಗಿ ಬೀದಿಗಿಳಿದು ಹೋರಾಡಿದ್ದಾರೆ.

ಗರ್ಭಕೋಶವೊಂದನ್ನೇ ತೆಗೆದು ಅಂಡಾಶಯ ಉಳಿಸಿದ್ದರೆ ಮುಟ್ಟು ನಿಂತರೂ ಹಾರ್ಮೋನು ನಡೆಯುತ್ತಿರುತ್ತದೆ. ಆದರೆ ಅಂಥವರಲ್ಲೂ ಅದು ಬತ್ತುವುದು ಉಳಿದವರಿಗಿಂತ ಕೆಲವು ವರ್ಷ ಮುಂಚೆ. ಎರಡೂ ಅಂಡಾಶಯ ತೆಗೆದುಬಿಟ್ಟಿದ್ದರೆ ಪ್ರಕೃತಿ ಐದಾರು ವರ್ಷದಲ್ಲಿ ಮೆಲ್ಲಗೆ ಮಾಡುವ ಕೆಲಸ ಒಂದೇ ಮಧ್ಯಾಹ್ನ ಮುಗಿದುಹೋಗುತ್ತದೆ. ಝಳ ತೀವ್ರ, ಮನಸ್ಸಿನ ಕುಸಿತ ತೀವ್ರ, ಎಲುಬು ಸವೆಯುವುದೂ ಬೇಗ. ಅಮೆರಿಕದ ಮೇಯೊ ಕ್ಲಿನಿಕ್‌ನವರು ಇಂಥ ಹೆಂಗಸರನ್ನು ದಶಕಗಟ್ಟಲೆ ಗಮನಿಸಿ, ಮುಂದಿನ ಬದುಕಿನಲ್ಲಿ ಖಿನ್ನತೆ, ಆತಂಕ, ಮರೆವಿನ ಕಾಯಿಲೆಗಳ ಅಪಾಯ ಹೆಚ್ಚೆಂದು ಕಂಡುಕೊಂಡಿದ್ದಾರೆ. 45ರೊಳಗೆ ಎರಡೂ ಅಂಡಾಶಯ ಕಳೆದುಕೊಂಡವರಿಗೆ ಬೇರೆ ಅಡ್ಡಿಯಿಲ್ಲದಿದ್ದರೆ ಸಹಜ ವಯಸ್ಸಿನ ತನಕ ಹಾರ್ಮೋನು ಕೊಡಬೇಕೆಂಬುದು ತಜ್ಞರ ಒಪ್ಪಿತ ಸಲಹೆ. ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಬರುವ ನಮ್ಮ ಹೆಂಗಸಿನ ಕೈಯಲ್ಲಿರುವುದು ಕಬ್ಬಿಣಾಂಶದ ಗುಳಿಗೆ ಮಾತ್ರ. ಆರು ತಿಂಗಳ ಮೇಲೆ ಅವಳು ಗೋಡೆ ನೋಡುತ್ತ ಕೂತರೆ, ಮಕ್ಕಳ ಮೇಲೆ ಹರಿಹಾಯ್ದರೆ, ಆ ಆಪರೇಷನ್ನಿಗೂ ಈ ಸಂಕಟಕ್ಕೂ ಸಂಬಂಧ ಕಟ್ಟಿ ಹೇಳುವವರಿಲ್ಲ. "ಯಾರರೆ ಏನರೆ ಮಾಡ್ಸ್ಯಾರ" ಎಂದು ಅಂಗಾರ ಹಚ್ಚಿಸಿ, ತಾಯತ ಕಟ್ಟಿಸಿ ಕರೆತರುತ್ತಾರೆ. ಪಾಪ, ಮನೆಯವರೂ ಕೆಟ್ಟವರಲ್ಲ. ಅವರಿಗೂ ಯಾರೂ ಹೇಳಿರುವುದಿಲ್ಲ.

2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಡಾ. ನರೇಂದ್ರ ಗುಪ್ತಾ ಅವರ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ, ಅನವಶ್ಯಕ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಆದೇಶಿಸಿತು. ರಾಷ್ಟ್ರದಿಂದ ಜಿಲ್ಲೆಯ ತನಕ ನಿಗಾ ಸಮಿತಿಗಳಿರಬೇಕು, 40ರೊಳಗಿನವರ ಪ್ರಕರಣಗಳ ಮೇಲೆ ವಿಶೇಷ ಗಮನ ಇರಬೇಕು ಎಂಬುದು ಅದರ ಸಾರ. ಒಳ್ಳೆಯದೇ ಆಯಿತು. ಆದರೆ ಈಗಾಗಲೇ ತೆಗೆಸಿಕೊಂಡು ಹತ್ತು ಹದಿನೈದು ವರ್ಷವಾದವರ ಮನಸ್ಸನ್ನು ಯಾವ ಸಮಿತಿ ನೋಡಬೇಕು?

ನೋಡಬಹುದಾದ ಒಂದು ಕಾಗದ ಊರಲ್ಲೇ ಇದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ 30 ವರ್ಷ ದಾಟಿದವರ ಬಗ್ಗೆ ತುಂಬುವ ಆರೋಗ್ಯ ತಪಾಸಣೆಯ ನಮೂನೆ. ತಂಬಾಕು ತಿನ್ನುತ್ತೀರಾ, ಸೊಂಟದ ಸುತ್ತಳತೆ ಎಷ್ಟು, ಮನೆಯಲ್ಲಿ ಸಕ್ಕರೆ ಕಾಯಿಲೆ ಇದೆಯೇ ಎಂದು ಶುರುವಾಗುತ್ತದೆ. ಹೆಂಗಸರಿಗೆಂದು ಇರುವ ಪ್ರಶ್ನೆಗಳಲ್ಲಿ ಮುಟ್ಟು ನಿಂತ ಮೇಲೆ ರಕ್ತಸ್ರಾವ ಆಗಿದೆಯೇ ಎಂಬುದೂ ಒಂದು. ಅದು ಕ್ಯಾನ್ಸರ್ ಪತ್ತೆಗಾಗಿ ಬೇಕೇ ಬೇಕಾದ ಪ್ರಶ್ನೆ. ಕೊನೆಗೆ ಮನಸ್ಸಿನ ಬಗ್ಗೆ ಎರಡು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಕೆಲಸಗಳಲ್ಲಿ ಆಸಕ್ತಿ, ಖುಷಿ ಕಡಿಮೆಯಾಗಿದೆಯೇ? ಮನಸ್ಸು ಕುಗ್ಗಿದೆಯೇ, ದಿಕ್ಕು ತೋಚದಂತಾಗಿದೆಯೇ? ಅಂಕ ಜಾಸ್ತಿ ಬಂದರೆ ವೈದ್ಯರ ಬಳಿ ಕಳಿಸಬೇಕು. ಪ್ರಶ್ನೆಗಳು ಸರಿಯಾಗೇ ಇವೆ. ಕೇಳುವ ಹೊತ್ತು, ಜಾಗ ಸರಿಯಾಗಿರುವುದಿಲ್ಲ. ಪಡಸಾಲೆಯಲ್ಲಿ ಗಂಡ, ಮಾವ, ಮಗ ಎಲ್ಲ ಕೂತಿರುವಾಗ "ಕಾಕೂ, ಮನಸ್ಸಿಗೆ ಬ್ಯಾಸರ ಆಗತೈತೇನ್ರಿ?" ಎಂದರೆ ಯಾವ ಕಾಕು ಹೌದು ಎಂದಾಳು? "ಏನಿಲ್ಲವಾ, ಎಲ್ಲಾ ಆರಾಮ" ಎಂಬುದೇ ಉತ್ತರ, ಸೊನ್ನೆ ಬರೆದುಕೊಂಡು ಮುಂದಿನ ಮನೆ. ಅದೇ ಆಶಾ ಹಿತ್ತಿಲಿಗೆ ಬಂದು, ಅವಳ ಜೊತೆ ಸೊಪ್ಪು ಸೋಸುತ್ತ ಕೂತು "ವೈನಿ, ನಿದ್ದಿ ಹತ್ತತೈತೇನ್ರಿ?" ಎಂದರೆ ಕಥೆಯೇ ಹೊರಬರುತ್ತದೆ. ನಿದ್ದೆಯಿಂದ ಶುರು ಮಾಡಿದರೆ ಯಾರಿಗೂ ನಾಚಿಕೆಯಿಲ್ಲ. ಆ ನಮೂನೆಯಲ್ಲಿ ಇನ್ನೊಂದು ಸಾಲು ಸೇರಬೇಕೆಂಬುದು ನನ್ನ ಆಗ್ರಹ: ಗರ್ಭಕೋಶ ತೆಗೆಸಿದ್ದೀರಾ, ಯಾವ ವಯಸ್ಸಿಗೆ, ಅಂಡಾಶಯ ಉಳಿದಿವೆಯೇ?

ಇಲ್ಲಿ ತಂಬಾಕಿನ ಮಾತೂ ಬರಬೇಕು. ನಿಪ್ಪಾಣಿಯ ಬೀಡಿ ತಂಬಾಕಿನ ವಖಾರಗಳಲ್ಲಿ ಘಾಟಿನ ನಡುವೆ ದುಡಿದು ವಯಸ್ಸಾದ ಹೆಂಗಸರು ಈ ಊರುಗಳಲ್ಲಿದ್ದಾರೆ. 1980ರ ದಶಕದ ಶುರುವಿನಲ್ಲಿ ಅವರು ಸಂಘ ಕಟ್ಟಿ ಹೋರಾಡಿದ್ದನ್ನು ಯುಗಾಂತರ ತಂಡ ಸಾಕ್ಷ್ಯಚಿತ್ರವಾಗಿಯೂ ತೆಗೆಯಿತು. ಬೆಳಿಗ್ಗೆ ಸಂಜೆ ಹಲ್ಲಿಗೆ ಮಿಶ್ರಿ ಎಂಬ ತಂಬಾಕಿನ ಪುಡಿ ಹಚ್ಚುವ ರೂಢಿ ಇನ್ನೂ ಉಳಿದಿದೆ. ಬೇಸರ ಕಳೆಯಲು ಹಚ್ಚುತ್ತಾರೆ, ಹಚ್ಚಿದ ಕ್ಷಣ ಸಮಾಧಾನ ಅನಿಸುವುದೂ ನಿಜ. ಆದರೆ ನಿಕೋಟಿನ್ ನಿದ್ದೆಯ ವೈರಿ. ಮೊದಲೇ ಎಚ್ಚರವಾಗುವ ರಾತ್ರಿಗೆ ಅದೂ ಕೂಡಿದರೆ ಮರುದಿನ ಮತ್ತಷ್ಟು ಬೇಸರ, ಮತ್ತಷ್ಟು ಮಿಶ್ರಿ.

ಚಿಕಿತ್ಸೆ ಇದೆ, ದೂರವೂ ಇಲ್ಲ. ಮೊದಲು ರಕ್ತ ಪರೀಕ್ಷೆ ಆಗಬೇಕು. ಥೈರಾಯ್ಡ್ ಏರುಪೇರು, ರಕ್ತಹೀನತೆ, ಬಿ12 ಕೊರತೆ ಇದೇ ವೇಷದಲ್ಲಿ ಬರುತ್ತವೆ. ಝಳವೇ ನಿದ್ದೆ ಕೆಡಿಸುತ್ತಿದ್ದರೆ ಹಾರ್ಮೋನ್ ಚಿಕಿತ್ಸೆಯನ್ನು ಸ್ತ್ರೀರೋಗ ತಜ್ಞರ ಜೊತೆ ಚರ್ಚಿಸಬಹುದು. 2002ರಲ್ಲಿ ಅಮೆರಿಕದ ದೊಡ್ಡ ಪ್ರಯೋಗವೊಂದು ಸ್ತನ ಕ್ಯಾನ್ಸರಿನ ಭಯದಿಂದ ಅರ್ಧಕ್ಕೇ ನಿಂತಾಗ ಜಗತ್ತೆಲ್ಲ ಹಾರ್ಮೋನಿಗೆ ಹೆದರಿತು. ಆ ಅಂಕಿಗಳನ್ನೇ ಮತ್ತೆ ಬಿಡಿಸಿ ನೋಡಿದಾಗ, 60 ದಾಟದವರಿಗೆ ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗಿನವರಿಗೆ, ಬೇರೆ ಅಪಾಯಗಳಿಲ್ಲದಿದ್ದರೆ, ಲಾಭವೇ ಹೆಚ್ಚೆಂದು ತಿಳಿಯಿತು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆಯವರಿಗೆ ಇದು ಆಗದು, ಅವರಿಗೆ ಬೇರೆ ಗುಳಿಗೆಗಳಿವೆ. ಮನಸ್ಸೇ ಕುಸಿದಿದ್ದರೆ ಖಿನ್ನತೆಯ ಔಷಧವೂ ಆಪ್ತಸಮಾಲೋಚನೆಯೂ ಬೇಕು. ಜನನಾಂಗ ಒಣಗಿ, ಉರಿದು, ಗಂಡನ ಸಂಗವೇ ಬೇಡವೆನಿಸುವ ಕಷ್ಟವನ್ನು ಹೆಂಗಸರು ಒಬ್ಬರಿಗೊಬ್ಬರೂ ಹೇಳಿಕೊಳ್ಳುವುದಿಲ್ಲ. ಅದಕ್ಕೆ ಹಚ್ಚುವ ಮುಲಾಮಿದೆ, ಅದು ಗುಣವಾಗುವ ತೊಂದರೆ.

"ಧಾರವಾಡಕ್ಕ ಕಳಸ್ತಾರ" ಎಂಬ ಹೆದರಿಕೆ ಈ ಭಾಗದಲ್ಲಿ ಹಳೆಯದು. 1845ರಷ್ಟು ಹಿಂದೆ ಶುರುವಾದ ಧಾರವಾಡದ ಮಾನಸಿಕ ಆಸ್ಪತ್ರೆಯ ಹೆಸರು ಬೈಗುಳವಾಗಿ ಉಳಿದುಬಿಟ್ಟಿತು. ಅದು ಇಂದು ಡಿಮ್ಹಾನ್ಸ್ ಎಂಬ ಕಲಿಕೆಯ, ಚಿಕಿತ್ಸೆಯ ಸಂಸ್ಥೆ, ಹೊರರೋಗಿಯಾಗಿ ಹೋಗಿ ಸಂಜೆಗೆ ಮರಳಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲೇ ಮನೋವೈದ್ಯರು ಸಿಗುವ ವ್ಯವಸ್ಥೆಯನ್ನು ರಾಜ್ಯ 2014ರಲ್ಲಿ ತಂದಿದೆ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಮನಸ್ಸಿನ ಕಾಯಿಲೆಗೆ ಔಷಧ ಕೊಡಬಲ್ಲರೆಂಬುದನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟು, ಅದೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಎಲ್ಲಿಗೂ ಹೋಗಲಾರದವರಿಗೆ 2022ರಿಂದ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಹಗಲಿರುಳು, ಕನ್ನಡದಲ್ಲೇ, ಕಾಸಿಲ್ಲದೆ ಮಾತಾಡಬಹುದು. ರಾತ್ರಿ ಮೂರಕ್ಕೆ ಎಚ್ಚರವಾದವಳಿಗೂ ಆ ಕಡೆ ಒಬ್ಬರು ಸಿಗುತ್ತಾರೆ. ಬದುಕೇ ಸಾಕೆನಿಸಿದರೆ ಬೆಳಗಾಗುವ ತನಕ ಕಾಯಬಾರದು.

ಮನೆಯ ಗಂಡಸರಿಗೆ ನನ್ನದೊಂದು ಕೋರಿಕೆ. ಮೂರು ಫೇಸ್ ಕರೆಂಟು ರಾತ್ರಿ ಬಂದರೆ ಕಬ್ಬಿಗೆ ನೀರು ಹಾಯಿಸಲು ನೀವು ಅಪರಾತ್ರಿಯಲ್ಲಿ ಏಳುತ್ತೀರಿ. ಅದೇ ಹೊತ್ತಿಗೆ ಅವಳೂ ಎದ್ದು ಕೂತಿರುವುದು ಕಂಡರೆ "ಯಾಕ, ನಿದ್ದಿ ಬರವಲ್ದೇನು?" ಎಂದು ಒಂದು ಮಾತು ಕೇಳಿ, ದವಾಖಾನೆಗೆ ಜೊತೆಗೆ ಹೋಗಿ. ಆಪರೇಷನ್ ಆಗಿದ್ದರೆ ಟ್ರಂಕಿನ ತಳದಲ್ಲಿರುವ ಡಿಸ್ಚಾರ್ಜ್ ಕಾರ್ಡ್ ಹುಡುಕಿ ತೆಗೆದುಕೊಂಡು ಹೋಗಿ. ಏನೇನು ತೆಗೆದಿದ್ದಾರೆಂಬುದು ಅದರಲ್ಲಿ ಬರೆದಿರುತ್ತದೆ, ಮುಂದಿನ ಚಿಕಿತ್ಸೆ ನಿಂತಿರುವುದು ಅದರ ಮೇಲೆ.

ಹೆಣ್ಣುಮಕ್ಕಳಿಗೂ ಅದು ಬೇಕಾದ ಕಾಗದ. ತಾಯಿಗೆ ಯಾವ ವಯಸ್ಸಿಗೆ ಮುಟ್ಟು ನಿಂತಿತೋ ಮಗಳಿಗೂ ಹೆಚ್ಚುಕಡಿಮೆ ಆ ಹೊತ್ತಿಗೇ ನಿಲ್ಲುವ ಸಂಭವ ಹೆಚ್ಚು. ಅವ್ವನನ್ನು ಕೇಳಿದರೆ ತನ್ನ ಮುಂದಿನ ದಾರಿಯ ಅಂದಾಜು ಸಿಗುತ್ತದೆ. ಮೂವತ್ತೆರಡಕ್ಕೇ ಚೀಲ ತೆಗೆಸಿಕೊಂಡ ಅವ್ವನ ಬಳಿ ಆ ಅಂದಾಜೂ ಇಲ್ಲ, ಆದರೆ ಆಮೇಲಿನ ವರ್ಷಗಳು ಹೇಗೆ ಕಳೆದವೆಂಬುದು ಅವಳಿಗೆ ಗೊತ್ತು. ಇಂದು ಮೂವತ್ತರ ಅಂಚಿನಲ್ಲಿರುವ ಮಗಳಿಗೆ ಬಿಳಿ ಹೋಗುತ್ತದೆಂದು ಯಾರಾದರೂ ಆಪರೇಷನ್ ಮಾತೆತ್ತಿದರೆ, ಸಹಿ ಹಾಕುವ ಮೊದಲು ಇನ್ನೊಬ್ಬ ಡಾಕ್ಟರನ್ನು ನೋಡೋಣ ಬಾ ಎಂದು ಎದ್ದು ಹೊರಡಬೇಕಾದವಳು ಆ ಅವ್ವನೇ.